ಸತ್ತ ಇಲಿ ಕೊಟ್ಟೇ ಬೇಟೆಗಾರರನ್ನು ಬೆಳೆಸಿದ್ದು: ನನ್ನ ಅನುಭವ

"ಜೀವಂತ ಇಲಿ ಹಿಡಿದು ಅಭ್ಯಾಸ ಆಗದ ಗೂಬೆ ಮರಿಯನ್ನು ಬಿಟ್ಟರೆ ಹತ್ತೇ ದಿನದಲ್ಲಿ ಹಸಿದು ಸಾಯುತ್ತೆ." ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹಕ್ಕಿ ಆರೈಕೆಯಲ್ಲಿ ನನಗಿಂತ ಹಿರಿಯರಾದ ಒಬ್ಬರಂತೂ, "ನೀವು ಬೇಟೆಗಾರನನ್ನ ಬೆಳೆಸ್ತಿಲ್ಲ, ಭಿಕ್ಷುಕನನ್ನ ಬೆಳೆಸ್ತಿದ್ದೀರಿ" ಅಂದುಬಿಟ್ಟರು. ಈಗ ಮೂರು ವರ್ಷವಾಯಿತು, ನನ್ನ ಕೈಯಿಂದ ಒಂದೇ ಒಂದು ಜೀವಂತ ಇಲಿ ಪಂಜರದೊಳಗೆ ಹೋಗಿಲ್ಲ. ನಮ್ಮ ಆರೈಕೆ ಕೇಂದ್ರದಲ್ಲಿ ಬೆಳೆಸಿ ಹೊರಗೆ ಬಿಟ್ಟ ಮರಿಗಳು ಸುಮಾರು 26-27. ಹೆಚ್ಚಿನವು ಕಣಜ ಗೂಬೆಗಳು, ಐದಾರು ಚಾಣಗಳು (ಕೆಸ್ಟ್ರೆಲ್ ಅನ್ನುವ ಸಣ್ಣ ಬೇಟೆ ಹಕ್ಕಿ). ಅದಕ್ಕೇ ಬರೆಯುತ್ತಿದ್ದೇನೆ.

ಈ ಹಕ್ಕಿಗಳ ಮೇಲೆ ನನಗಿರುವ ಪ್ರೀತಿ ನಿಮಗೂ ಇರುವಂಥದ್ದೇ. ಚಾಣ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆಯನ್ನು ಮಾತ್ರ ಕೂದಲೆಳೆಯಷ್ಟೂ ಅಲುಗಿಸದೆ ನೆಲ ನೋಡುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ. ಆದರೆ ಊಟ ಹಾಕುವ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಸಂಕಟ. ಬಯಲಿನಲ್ಲಿ ಅದು ಇಲಿ ಹಿಡಿದರೆ ನನಗೇನೂ ಅನ್ನಿಸುವುದಿಲ್ಲ. ಅಲ್ಲಿ ಇಲಿಗೂ ಓಡಲು ಜಾಗವಿದೆ, ನುಗ್ಗಲು ಬಿಲವಿದೆ. ಪಂಜರದಲ್ಲಿ ಬಾಗಿಲು ಹಾಕುವವನು ನಾನು.

ಶುರುವಿನಲ್ಲಿ ಎಲ್ಲರಂತೆ ನಾನೂ ಜೀವಂತ ಇಲಿಯನ್ನೇ ಬಿಟ್ಟೆ. ಡೇಗೆ (ಫಾಲ್ಕನ್) ಆದರೆ ಕೊಕ್ಕಿನಲ್ಲಿರುವ ಹಲ್ಲಿನಂಥ ಮೊನೆಯಿಂದ ಕತ್ತು ಮುರಿದು ಕ್ಷಣದಲ್ಲಿ ಮುಗಿಸುತ್ತೆ. ಕಲಿಯದ ಗೂಬೆ ಮರಿಗೆ ಅದೆಲ್ಲಾ ಬರುವುದಿಲ್ಲ. ಒಂದು ರಾತ್ರಿ ಬಿಟ್ಟ ಇಲಿ ಬೆಳಿಗ್ಗೆಯೂ ಮೂಲೆಯಲ್ಲಿ ನಡುಗುತ್ತಾ ಕೂತಿತ್ತು. ಮರಿಯ ಕಾಲ್ಬೆರಳಿಗೆ ಕಚ್ಚಿಬಿಟ್ಟಿತ್ತು. ಗಾಯ ಕೀವಾಗಿ ಎರಡು ವಾರ ಔಷಧಿ. ಇಲಿಯನ್ನೂ ಹಿಂಸಿಸಿದೆ, ಹಕ್ಕಿಯನ್ನೂ ಕೆಡಿಸಿದೆ. ಅವತ್ತೇ ಅದನ್ನು ನಿಲ್ಲಿಸಿದೆ.

ಆಮೇಲೆ ಬರೀ ಮಾಂಸದ ತುಂಡು. ನೋಡಲು ಕಷ್ಟವಿಲ್ಲ, ಖರ್ಚೂ ಕಮ್ಮಿ. ಸಾಕಷ್ಟು ಜನ ಈಗಲೂ ಇದನ್ನೇ ಮಾಡುತ್ತಾರೆ, ದಯವಿಟ್ಟು ಬೇಡ. ಮೂರು ವಾರಕ್ಕೆ ಒಂದು ಹದ್ದಿನ ಮರಿಯ ಕಾಲು ಬಿಲ್ಲಿನಂತೆ ಬಾಗಿತು. ಮಾಂಸದಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮೂಳೆ, ಕೂದಲು, ಕರುಳು ಎಲ್ಲ ಇರುವ ಇಡೀ ಪ್ರಾಣಿಯೇ ಬೇಕು. ಮೇಲಾಗಿ ಆ ಮರಿ ನನ್ನ ಮುಖ ನೋಡುತ್ತಲೇ ಬೆಳೆದಿತ್ತು. ಮನುಷ್ಯರನ್ನು ಕಂಡರೆ ಬಾಯಿ ತೆರೆದು ಕೂಗುತ್ತಿತ್ತು. ಅದನ್ನು ಬಿಡಲು ಕೊನೆಗೂ ಆಗಲಿಲ್ಲ. ನನ್ನ ಮರುಕವೇ ಅದರ ಆಕಾಶವನ್ನು ಕಿತ್ತುಕೊಂಡಿತು. ಈ ಒಂದು ತಪ್ಪು ನನ್ನನ್ನು ಇನ್ನೂ ಬಿಟ್ಟಿಲ್ಲ.

ಇಲಿಗಳನ್ನು ನಾನೇ ಸಾಕಿ ನೋಡಿದೆ. ಎಂಟು ತಿಂಗಳು. ಮೇವು, ಮರದ ಹೊಟ್ಟು, ಪೆಟ್ಟಿಗೆ, ದಿನಾ ಒಂದು ಗಂಟೆಯ ಕ್ಲೀನಿಂಗ್. ಕೊನೆಗೆ ಲೆಕ್ಕ ಹಾಕಿದರೆ ಹೆಪ್ಪುಗಟ್ಟಿಸಿದ ಇಲಿ ಕೊಳ್ಳುವುದಕ್ಕಿಂತ ಒಂದೂವರೆ ಪಟ್ಟು ಜಾಸ್ತಿ ಆಗಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಕೈಯಿಂದ ಕಾಳು ತಿಂದ ಇಲಿಯನ್ನು ಸಂಜೆ ಕೊಲ್ಲುವುದು ನನ್ನಿಂದ ಆಗುವ ಕೆಲಸವಲ್ಲ. ಆಗುವವರು ಮಾಡಲಿ, ಅವರ ಮೇಲೆ ನನಗೇನೂ ದೂರಿಲ್ಲ.

ಇನ್ನೊಂದು ದೊಡ್ಡ ಪೆಟ್ಟು ಪುಕ್ಕಟೆ ಇಲಿಯಿಂದ ಬಿತ್ತು. ಯಾರೋ ಪರಿಚಯದವರು ಬೋನಿಗೆ ಬಿದ್ದ ಇಲಿಗಳನ್ನು ತಂದುಕೊಡುತ್ತಿದ್ದರು. ಹಣ ಉಳಿಯಿತು ಅಂತ ಖುಷಿಪಟ್ಟೆ. ಬ್ರೊಮಾಡಯಲೋನ್, ಬ್ರೋಡಿಫಾಕಮ್ ಥರದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಓಡಾಡಿಕೊಂಡಿರುತ್ತೆ. ಅದು ನನಗೆ ಗೊತ್ತಿತ್ತು, ಆದರೂ ಕೊಟ್ಟೆ. ಒಂದು ದೊಡ್ಡ ಗೂಬೆ ಬಾಯಿಂದ ರಕ್ತ ಒಸರಿ ಸತ್ತಿತು. ಕೆ ಜೀವಸತ್ವದ ಇಂಜೆಕ್ಷನ್ ಕೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಇಲಿಯನ್ನು ಗೇಟಿನೊಳಗೇ ಬಿಡುವುದಿಲ್ಲ.

ದಾರಿ ತೋರಿಸಿದ್ದು ಒಂದು ಹಳೆಯ ಕಥೆ. ಡಿಡಿಟಿ ಕೀಟನಾಶಕದಿಂದ ಅಮೆರಿಕದಲ್ಲಿ ಪೆರೆಗ್ರಿನ್ ಡೇಗೆಗಳು ಅಳಿವಿನ ಅಂಚಿಗೆ ಹೋದಾಗ, 1970ರ ದಶಕದಲ್ಲಿ ಪಕ್ಷಿ ವಿಜ್ಞಾನಿ ಟಾಮ್ ಕೇಡ್ ಮತ್ತು ಜೊತೆಗಾರರು ಮರಿಗಳನ್ನು ಎತ್ತರದ ಪೆಟ್ಟಿಗೆಗಳಲ್ಲಿಟ್ಟು, ಮನುಷ್ಯರು ಕಾಣದಂತೆ ಕೊಳವೆಯಲ್ಲಿ ಸತ್ತ ಗೌಜುಗಳನ್ನು ಇಳಿಬಿಟ್ಟು ಬೆಳೆಸಿದರು. ಪೆಟ್ಟಿಗೆ ತೆರೆದ ಮೇಲೂ ಕೆಲವು ವಾರ ಅಲ್ಲೇ ಊಟ ಇಡುತ್ತಿದ್ದರು. ಬೇಟೆಯನ್ನು ಅವು ತಾವೇ ಕಲಿತವು. 1999ರಲ್ಲಿ ಡೇಗೆಯನ್ನು ಅಲ್ಲಿನ ಅಪಾಯದ ಪಟ್ಟಿಯಿಂದ ತೆಗೆದರು. ಸತ್ತ ಗೌಜು ತಿಂದ ಡೇಗೆ ಹಾರುವ ಹಕ್ಕಿಯನ್ನು ಹಿಡಿಯಲು ಕಲಿಯುತ್ತೆ ಅಂದ ಮೇಲೆ, ಸತ್ತ ಇಲಿ ತಿಂದ ಗೂಬೆ ನೆಲದ ಇಲಿಯನ್ನು ಹಿಡಿಯಲಾರದಾ?

ಹಾಗಾಗಿ ನಮ್ಮ ಆರೈಕೆ ಕೇಂದ್ರದ ಹಿಂದಿನ ಬಯಲಿನಲ್ಲಿ, ನಾಲ್ಕು ಮೀಟರ್ ಎತ್ತರದ ಕಂಬದ ಮೇಲೆ ಪೆಟ್ಟಿಗೆ ಕೂರಿಸಿದೆ. ಹಿಂದುಗಡೆಯಿಂದ ಇಳಿಜಾರಾಗಿ ಆರು ಇಂಚಿನ ಪಿವಿಸಿ ಪೈಪು. ಮೊದಲ ಪೈಪು ನಾಲ್ಕು ಇಂಚಿನದು, ಇಲಿ ಬಾಗಿನಲ್ಲಿ ಸಿಕ್ಕಿಕೊಂಡು ಕೊಳೆತಿತ್ತು. ಎರಡನೆಯದರಲ್ಲಿ ಇಲಿ ದೊಪ್ಪನೆ ಬಿದ್ದು ಮರಿಗಳು ಬೆದರುತ್ತಿದ್ದವು. ಸದ್ದಾಗದಂತೆ ಮಾಡಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಆರು ತಿಂಗಳು ತಲೆ ಕೆಡಿಸಿಕೊಂಡು ಕಂಡುಕೊಂಡದ್ದು. ಪೈಪು, ಸಣ್ಣ ಕ್ಯಾಮೆರಾ, ಎರಡನೇ ಫ್ರೀಜರ್ ಎಲ್ಲ ಸೇರಿ ನನ್ನ ಒಂದೂವರೆ ತಿಂಗಳ ಸಂಬಳ ಹೋಯಿತು. ಎರಡನೆಯದು ಯಾಕೆಂದರೆ, ಮೊದಲ ಫ್ರೀಜರ್ ಒಂದು ಸಲ ರಾತ್ರಿಯಿಡೀ ಕರೆಂಟ್ ಇಲ್ಲದೆ ಕರಗಿ 300ರ ಹತ್ತಿರ ಇಲಿ ಹೂಳಬೇಕಾಯಿತು. ಆ ದಿನ ಹಣಕ್ಕಿಂತ ಜಾಸ್ತಿ ಕಾಡಿದ್ದು ಆ ಸಾವುಗಳು. ಯಾರ ಹೊಟ್ಟೆಗೂ ಹೋಗದ ಸಾವು.

ಊಟದ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಇಡುತ್ತೇನೆ. ಕಣಜ ಗೂಬೆಯ ಮರಿಗೆ ರಾತ್ರಿಗೆ ಮೂರು ನಾಲ್ಕು ಇಲಿ. ಹಾರುವಷ್ಟಾಗಲು ಎಂಟು ವಾರ. ಅಂದರೆ ಒಂದು ಗೂಬೆಗೆ ಹತ್ತಿರ ಹತ್ತಿರ 200 ಜೀವ. ಈ ಸಂಖ್ಯೆಯನ್ನು ನಾನು ಹೊಸದಾಗಿ ಬರುವ ಸ್ವಯಂಸೇವಕರಿಗೆ ಮೊದಲ ದಿನವೇ ಹೇಳುತ್ತೇನೆ. ಮುಚ್ಚಿಟ್ಟು ಹಕ್ಕಿ ಪ್ರೀತಿಯ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಇಲಿ ಒದಗಿಸುವವರನ್ನೂ ಹೇಗೆ ಕೊಂದಿರಿ ಅಂತ ಕೇಳುತ್ತೇನೆ. ಉತ್ತರ ಕೊಡದ ಒಬ್ಬರ ಹತ್ತಿರ ಕೊಳ್ಳುವುದನ್ನು ಬಿಟ್ಟೆ, ಅವರ ಬೆಲೆ ಎಲ್ಲರಿಗಿಂತ ಕಮ್ಮಿ ಇದ್ದರೂ.

ಮೊಟ್ಟೆ ಕೋಳಿಗಳ ಮರಿ ಮಾಡುವ ಕಡೆ ಗಂಡು ಮರಿಗಳನ್ನು ಮೊದಲ ದಿನವೇ ಕೊಲ್ಲುತ್ತಾರೆ. ಹೇಗೂ ಸಾಯುವ ಜೀವ, ಹೊಸ ಸಾವು ಬೇಡ ಅಂತ ಅವನ್ನೂ ತರಿಸಿ ನೋಡಿದೆ. ಚಾಣಗಳು ಚೆನ್ನಾಗಿ ತಿಂದವು. ಅದೊಂದನ್ನೇ ಕೊಟ್ಟರೆ ತೂಕ ಏರುವುದು ನಿಧಾನ. ಈಗ ಮೂರರಲ್ಲಿ ಒಂದು ಪಾಲು ಮಾತ್ರ ಕೋಳಿ ಮರಿ. ಮರಿಯ ಹೊಟ್ಟೆಯಲ್ಲಿ ಉಳಿದಿರುವ ಮೊಟ್ಟೆಯ ಹಳದಿಯನ್ನು ತೆಗೆದು ಕೊಡುತ್ತೇನೆ. ಇದರಿಂದ ಖರ್ಚು ಕಾಲು ಭಾಗ ಇಳಿಯಿತು. ಹೆಪ್ಪುಗಟ್ಟಿದ್ದನ್ನು ಮೂರು ತಿಂಗಳೊಳಗೆ ಮುಗಿಸಿ, ಕೊಡುವ ಮೊದಲು ನೀರಿನಲ್ಲಿ ಅದ್ದಿ.

ಒಂದು ಪ್ರಯೋಗವನ್ನು ಸುಮ್ನೆ ಕುತೂಹಲಕ್ಕೆ ಮಾಡಿದೆ. ಕಣಜ ಗೂಬೆ ಕಗ್ಗತ್ತಲಲ್ಲೂ ಬರೀ ಸದ್ದಿನಿಂದ ಇಲಿ ಹಿಡಿಯಬಲ್ಲದು. ಎರಡೂ ಕಿವಿ ಒಂದೇ ಮಟ್ಟದಲ್ಲಿಲ್ಲದಿರುವುದೇ ಅದರ ಶಕ್ತಿ. ಹಾಗಾದರೆ ಸತ್ತ ಇಲಿಗೆ ಮೀನಿನ ಗಾಳದ ದಾರ ಕಟ್ಟಿ, ಒಣ ಎಲೆಯ ಮೇಲೆ ಹೊರಗಿನಿಂದ ಎಳೆದರೆ? ಹಾರಾಟದ ಪಂಜರದಲ್ಲಿ ಎಲೆ ಹರಡಿ ಎಳೆದೆ. ಮೂರು ರಾತ್ರಿ ಏನೂ ಇಲ್ಲ, ಬರೀ ತಲೆ ತಿರುಗಿಸಿ ನೋಡಿದವು. ನಾಲ್ಕನೇ ರಾತ್ರಿ ಒಂದು ಮರಿ ಎರಗಿತು. ಬಿದ್ದ ಏಟಿಗೆ ದಾರ ಕೈಯಿಂದ ಜಾರಿತು. ಎಳೆಯುವ ವೇಗ, ನಡುವೆ ನಿಲ್ಲಿಸುವ ಹೊತ್ತು ಇದರಲ್ಲಿ ಮುಖ್ಯ. ಅದನ್ನು ಬರೆದು ತಿಳಿಸಲು ಆಗದು, ಬಂದು ನೋಡಿದರೆ ತೋರಿಸುತ್ತೇನೆ.

ಇಷ್ಟಾದರೂ ಭಿಕ್ಷುಕನ ಮಾತಾಡಿದ್ದ ಆ ಹಿರಿಯರು ಒಪ್ಪಲಿಲ್ಲ. "ಬಿಟ್ಟ ಮೇಲೆ ಹಿಡೀತಿದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿ?" ಅಂದರು. ನ್ಯಾಯವಾದ ಪ್ರಶ್ನೆ. ಪೆಟ್ಟಿಗೆ ತೆರೆದ ಮೇಲೆ ಮರಿಗಳು ಹತ್ತು ಹನ್ನೆರಡು ದಿನ ರಾತ್ರಿ ಬಂದು ನನ್ನ ಇಲಿಯನ್ನೇ ತಿಂದವು. ಮೊದಲ ತಂಡದಲ್ಲಿ ಒಂದು ಮರಿ ಎರಡನೇ ದಿನವೇ ಕಾಣೆಯಾಯಿತು, ಏನಾಯಿತೋ ತಿಳಿಯಲಿಲ್ಲ. ಆ ವಾರ ಅವರ ಮಾತೇ ನಿಜವಾಯಿತಾ ಅಂತ ನಿದ್ದೆ ಬರಲಿಲ್ಲ.

ನಾನು ಕೊಡುತ್ತಿದ್ದ ಇಲಿಗಳೆಲ್ಲ ಬಿಳಿ. ಹಾಗಾಗಿ ಅರಗದ ಕೂದಲು, ಮೂಳೆ ಸೇರಿಸಿ ಗೂಬೆ ಕಕ್ಕುವ ಉಂಡೆಗಳೂ ಬೆಳ್ಳಗೇ ಇರುತ್ತಿದ್ದವು. ದಿನಾ ಬೆಳಿಗ್ಗೆ ಕಂಬದ ಕೆಳಗೆ ಆರಿಸಿ, ನೀರಲ್ಲಿ ನೆನೆಸಿ, ಬಿಡಿಸಿ ನೋಡುತ್ತಿದ್ದೆ. ಹದಿಮೂರನೇ ಬೆಳಿಗ್ಗೆಯ ಉಂಡೆ ಬೂದು ಬಣ್ಣದ್ದು. ಒಳಗೆ ಕಾಡಿಲಿಯ ಕೂದಲು, ಪಕ್ಕದಲ್ಲಿ ಉದ್ದ ಮೂತಿಯ ಒಂದು ಮೂಗಿಲಿಯ ತಲೆಬುರುಡೆ. ನಾನು ಯಾವತ್ತೂ ಮೂಗಿಲಿ ಕೊಟ್ಟವನಲ್ಲ. ಆ ಪುಟ್ಟ ಬುರುಡೆಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ಆಮೇಲೆ ತೊಳೆದು ಒಣಗಿಸಿ, ಹಿರಿಯರ ಮೇಜಿನ ಮೇಲೆ ಇಟ್ಟೆ. ಅವರು ಭೂತಗನ್ನಡಿ ಹಿಡಿದು ಹಲ್ಲುಗಳನ್ನು ನೋಡಿದರು. "ಇನ್ನೂ ಎಷ್ಟು ದಿನ ಊಟ ಇಡ್ತೀರಿ?" ಅಂತ ಕೇಳಿದರು. "ಬರುವುದನ್ನ ಅವೇ ನಿಲ್ಲಿಸುವವರೆಗೆ ಸರ್" ಅಂದೆ. ಇಪ್ಪತ್ತೆರಡನೇ ರಾತ್ರಿ ಇಟ್ಟ ಇಲಿ ಬೆಳಿಗ್ಗೆ ಹಾಗೇ ಇತ್ತು.