ಸಮ ಚಿಹ್ನೆ ಇಲ್ಲದ ಕ್ಯಾಲ್ಕುಲೇಟರಿನಲ್ಲಿ ಜಾಗದ ಲೆಕ್ಕ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಮನೆಯ ನಕ್ಷೆ, ಎಸ್ಟಿಮೇಟ್ ಮಾಡಿಕೊಡುವುದು ನನ್ನ ಕಸುಬು. ಅಣ್ಣತಮ್ಮಂದಿರು ಪಾಲಾಗುವ ಮೊದಲು ಯಾರ ಭಾಗಕ್ಕೆ ಎಷ್ಟು ಸೆಂಟ್ಸ್ ಬರುತ್ತದೆಂದು ಅಂದಾಜು ನೋಡಲೂ ಕರೆಯುತ್ತಾರೆ. ಆಗ ನನ್ನ ಕಿಸೆಯಲ್ಲಿರುವುದು ಎಚ್‌ಪಿ 12ಸಿ ಕ್ಯಾಲ್ಕುಲೇಟರ್, ಗಲ್ಫಿನಲ್ಲಿರುವ ಭಾವ ರಜೆಯಲ್ಲಿ ಬರುವಾಗ ತಂದುಕೊಟ್ಟದ್ದು. 1981ರಲ್ಲಿ ಬಂದ ಮಾದರಿ. ಸಾಲ, ಬಡ್ಡಿ, ಕಂತುಗಳ ಲೆಕ್ಕಕ್ಕಾಗಿ ಮಾಡಿದ್ದು. ಅದರಲ್ಲಿ ಸಮ ಚಿಹ್ನೆಯ ಕೀಲಿಯಿಲ್ಲ. ಒಮ್ಮೆ ಕೈಗೆತ್ತಿಕೊಂಡ ಅಂಗಡಿಯವರು ಎರಡು ಸಲ ಒತ್ತಿ ನೋಡಿ ಹಿಂದೆ ಕೊಡುತ್ತಾರೆ. ಮೊಬೈಲಿನಲ್ಲೇ ಎಲ್ಲ ಇರುವಾಗ ಇದನ್ನು ಕಲಿತು ಏನಾಗಬೇಕು ಎಂದು ಡಿಪ್ಲೊಮಾ ಓದುವ ಹುಡುಗರು ಕೇಳುವುದುಂಟು. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ 1920ರ ದಶಕದಲ್ಲಿ ಕಂಸಗಳೇ ಬೇಕಿಲ್ಲದ ಒಂದು ಬರಹದ ಕ್ರಮವನ್ನು ರೂಪಿಸಿದರು. ಅದರಲ್ಲಿ ಚಿಹ್ನೆ ಮೊದಲು ಬರುತ್ತಿತ್ತು. ಅದನ್ನು ತಿರುಗಿಸಿ, ಸಂಖ್ಯೆಗಳು ಮೊದಲು, ಚಿಹ್ನೆ ಕೊನೆಗೆ ಎಂದಾದಾಗ ಅದು ರಿವರ್ಸ್ ಪೋಲಿಷ್ ನೊಟೇಶನ್, ಚಿಕ್ಕದಾಗಿ ಆರ್‌ಪಿಎನ್. ಎಚ್‌ಪಿ ಕಂಪೆನಿ 1968ರ ತನ್ನ ಮೇಜಿನ ಯಂತ್ರದಲ್ಲಿಯೂ 1972ರಲ್ಲಿ 395 ಡಾಲರಿಗೆ ಮಾರಿದ ಎಚ್‌ಪಿ 35ರಲ್ಲಿಯೂ ಇದನ್ನೇ ಅಳವಡಿಸಿತು. ಐದಕ್ಕೆ ಮೂರು ಕೂಡಿಸು ಎಂದು ಕ್ರಿಯೆಯನ್ನು ಕೊನೆಗಿಡುವ ನಮಗೆ ಇದರಲ್ಲಿ ವಿಚಿತ್ರವೇನೂ ಇಲ್ಲ, ಹೆದರಿಸುವುದು ಹೆಸರೊಂದೇ. 5 ಒತ್ತಿ, ಎಂಟರ್ ಒತ್ತಿ, 3 ಒತ್ತಿ, ಕೂಡು ಚಿಹ್ನೆ ಒತ್ತಿದರೆ 8. 12ಸಿಯ ಒಳಗೆ ನಾಲ್ಕು ಸಂಖ್ಯೆಗಳು ಒಂದರ ಮೇಲೊಂದು ನಿಲ್ಲುವಷ್ಟು ಜಾಗವಿದೆ. ಚಿಹ್ನೆ ಒತ್ತಿದಾಗ ಕೊನೆಯ ಎರಡು ಸೇರಿ ಒಂದಾಗುತ್ತವೆ, ಉಳಿದವು ಒಂದು ಮೆಟ್ಟಿಲು ಇಳಿಯುತ್ತವೆ. ತತ್ತ್ವವೆಲ್ಲ ಇಷ್ಟೇ.

ಇನ್ನು ಕೆಲಸದ ಮಾತು. ನಮ್ಮ ಕಡೆ ಚೌಕವಾದ ಜಾಗ ಸಿಗುವುದು ಅಪರೂಪ. ಒಂದು ಬದಿಗೆ ಗುಡ್ಡ, ಕೆಳಗೆ ತೋಡು, ನಡುವೆ ವಕ್ರವಾದ ಬೇಲಿ. ಹಾಗಾಗಿ ಜಾಗವನ್ನು ತ್ರಿಕೋನಗಳಾಗಿ ಒಡೆದು ಮೂರು ಬದಿಗಳನ್ನೂ ಟೇಪಿನಲ್ಲಿ ಅಳೆದು, ಶಾಲೆಯಲ್ಲಿ ಕಲಿತ ಹೆರಾನನ ಸೂತ್ರ ಹಾಕುವುದು ರೂಢಿ: ಮೂರು ಬದಿಗಳ ಮೊತ್ತದ ಅರ್ಧವನ್ನು ತೆಗೆದು, ಅದರಿಂದ ಒಂದೊಂದೇ ಬದಿಯನ್ನು ಕಳೆದು, ಆ ಮೂರನ್ನೂ ಅರ್ಧಮೊತ್ತವನ್ನೂ ಗುಣಿಸಿ ವರ್ಗಮೂಲ ಹಿಡಿಯುವುದು.

ಬದಿಗಳು 17, 25, 26 ಮೀಟರ್ ಎಂದಿಟ್ಟುಕೊಳ್ಳಿ. 17 ಎಂಟರ್, 25 ಕೂಡು, 26 ಕೂಡು, 2ರಿಂದ ಭಾಗಿಸು. ಪರದೆಯ ಮೇಲೆ 34. ಇದನ್ನು ಸೊನ್ನೆಯ ಮೆಮೊರಿಗೆ ಹಾಕುತ್ತೇನೆ. ಹಾಗೆಯೇ ಮುಂದುವರಿದು 17 ಕಳೆ: 17. ಮೆಮೊರಿಯಿಂದ 34 ಕರೆದು 25 ಕಳೆ: 9. ಗುಣಿಸು: 153. ಮತ್ತೆ 34 ಕರೆದು 26 ಕಳೆ: 8. ಗುಣಿಸು: 1224. ಇನ್ನೊಮ್ಮೆ 34 ಕರೆದು ಗುಣಿಸು: 41616. ವರ್ಗಮೂಲ: 204 ಚದರ ಮೀಟರ್. ಒಂದು ಸೆಂಟಿಗೆ 40.4686 ಚದರ ಮೀಟರ್. ಆ ಸಂಖ್ಯೆ ಒಂದನೇ ಮೆಮೊರಿಯಲ್ಲಿ ಕಾಯಂ ಕೂತಿದೆ, ಯಂತ್ರ ಆರಿಸಿದರೂ ಅಳಿಯುವುದಿಲ್ಲ. ಅದರಿಂದ ಭಾಗಿಸಿದರೆ ಐದು ಸೆಂಟ್ಸಿಗಿಂತ ತುಸು ಹೆಚ್ಚು, 5.04.

ಕೀಲಿ ಒತ್ತುವುದು ಕಡಿಮೆಯಾಗುತ್ತದೆ ಎಂದು ಆರ್‌ಪಿಎನ್ ಅಭಿಮಾನಿಗಳು ಹೊಗಳುವುದಿದೆ. ನಾಲ್ಕು ಒತ್ತು ಉಳಿಸಿ ನಾನು ಕಟ್ಟುವುದೇನೂ ಇಲ್ಲ. ನನಗೆ ಬೇಕಾದದ್ದು ನಡುವೆ ಬಂದ 17, 9, 8 ಎಂಬ ಆ ಮೂರು ಅಂಕೆಗಳು. ಸೂತ್ರವನ್ನು ಇಡಿಯಾಗಿ ಬರೆದು ಕೊನೆಗೆ ಉತ್ತರ ತೋರಿಸುವ ಕ್ಯಾಲ್ಕುಲೇಟರಿನಲ್ಲಿ ಅವು ಕಾಣುವುದೇ ಇಲ್ಲ.

ಅವು ಯಾಕೆ ಬೇಕೆಂದರೆ, ಪೇಟೆಯಲ್ಲಿ ಸಿಗುವ ಟೇಪಿನ ಒಂದು ಮಗ್ಗುಲಲ್ಲಿ ಮೀಟರ್, ಇನ್ನೊಂದರಲ್ಲಿ ಅಡಿ ಇರುತ್ತದೆ. ಅಡಿಕೆ ಮರಗಳ ಆಚೆ ಟೇಪು ಹಿಡಿದವನು ಮಗುಚಿ ಓದಿ 17ರ ಬದಲು 55.8 ಎಂದು ಕೂಗಿದನೆನ್ನಿ. ಅರ್ಧಮೊತ್ತ 53.4 ಆಗುತ್ತದೆ, ಮೊದಲ ಬದಿಯನ್ನು ಕಳೆದ ಕೂಡಲೇ ಪರದೆಯ ಮೇಲೆ ಋಣ 2.4. ಎರಡು ಬದಿಗಳ ಮೊತ್ತಕ್ಕಿಂತ ಮೂರನೆಯದು ದೊಡ್ಡದಾದರೆ ತ್ರಿಕೋನವೇ ಮುಚ್ಚುವುದಿಲ್ಲ. ಎಡವಟ್ಟಾದದ್ದು ಯಾವ ಬದಿಯ ಸುತ್ತ ಎಂಬುದೂ ಅಲ್ಲೇ ಗೊತ್ತಾಗಿ, "ಇನ್ನೊಮ್ಮೆ ನೋಡು ಮಾರಾಯ, ಅಡಿ ಓದಿದೆಯೋ ಏನೋ" ಎನ್ನಲು ಆಗುತ್ತದೆ. ಇಡೀ ಸೂತ್ರವನ್ನು ಒಮ್ಮೆಗೇ ಹಾಕಿದ್ದರೆ ಕೊನೆಯಲ್ಲಿ ಎರರ್ ಎಂದು ಬರುತ್ತಿತ್ತು. ತಪ್ಪು ಕೀಲಿಯದೋ ಟೇಪಿನದೋ ಎಂದು ಮೊದಲಿನಿಂದ ಹುಡುಕಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಮತ್ತೊಂದಿದೆ. ಬದಿಗಳು 20, 30, 49 ಮೀಟರ್ ಎನ್ನಿ. ಲೆಕ್ಕ ಸರಿಯಾಗಿಯೇ ಬರುತ್ತದೆ, 119.3 ಚದರ ಮೀಟರ್. ಆದರೆ ಅರ್ಧಮೊತ್ತ 49.5ರಿಂದ 49 ಕಳೆದಾಗ ಬರೀ 0.5 ಉಳಿಯಿತು. ಈ ಸಣ್ಣ ಅಂಕೆ ಕಂಡರೆ ನಾನು ಅಲ್ಲಿಯೇ ನಿಲ್ಲುತ್ತೇನೆ. ಟೇಪು ಜೋಲಿ ಹೊಡೆದು ಉದ್ದದ ಬದಿ 10 ಸೆಂಟಿಮೀಟರ್ ಹೆಚ್ಚು ತೋರಿಸಿ 49.1 ಎಂದಾದರೆ ಉತ್ತರ 113.5ಕ್ಕೆ ಇಳಿಯುತ್ತದೆ. ಬದಿ ಉದ್ದವಾಯಿತು, ಜಾಗ ಸುಮಾರು 6 ಚದರ ಮೀಟರ್ ಕರಗಿತು! ಚಪ್ಪಟೆ ತ್ರಿಕೋನದ ಗುಣವೇ ಹಾಗೆ. ಆಗ ಬೇರೆ ಕರ್ಣ ಹಿಡಿದು ಜಾಗವನ್ನು ಇನ್ನೊಂದು ರೀತಿಯಲ್ಲಿ ಒಡೆಯುತ್ತೇನೆ. ಒಂದೊಂದು ಸೆಂಟಿಗೂ ಅಣ್ಣತಮ್ಮಂದಿರು ಮಾತು ಬಿಡುವ ಊರಿನಲ್ಲಿ ಈ ಜಾಗ್ರತೆ ಬೇಕಾಗುತ್ತದೆ.

ಇನ್ನೊಂದು ಉಪಯೋಗ ಕಾಸರಗೋಡಿನವರಿಗೇ ವಿಶೇಷ. 1956ರವರೆಗೆ ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳಕ್ಕೆ ಸೇರಿತು. ಅಜ್ಜನ ಕಾಲದ ಕನ್ನಡ ದಸ್ತಾವೇಜಿನಲ್ಲಿ ಎಕರೆ, ಸೆಂಟ್ಸು, ಅಡಿ. ಈಗಿನ ಮಲಯಾಳಂ ಕಾಗದಗಳಲ್ಲಿ ಹೆಕ್ಟೇರು, ಆರ್ (ನೂರು ಚದರ ಮೀಟರ್), ಚದರ ಮೀಟರ್. ಅಡಿಗಳನ್ನು ಸಾಲಾಗಿ ಮೀಟರಿಗೆ ತರಬೇಕಾದಾಗ 0.3048 ಒತ್ತಿ ಮೂರು ಸಲ ಎಂಟರ್ ಒತ್ತುತ್ತೇನೆ. ನಾಲ್ಕೂ ಅಂತಸ್ತಿನಲ್ಲಿ ಅದೇ ಸಂಖ್ಯೆ ತುಂಬುತ್ತದೆ. ಆಮೇಲೆ ಅಡಿಯ ಅಂಕೆ ಒತ್ತುವುದು, ಗುಣಿಸುವುದು, ಬರೆದುಕೊಂಡು ಅಳಿಸುವುದು, ಮುಂದಿನದು. ಮೇಲಿನ ಅಂತಸ್ತು ಕೆಳಗಿಳಿಯುವಾಗ ತನ್ನ ಪ್ರತಿಯನ್ನು ಬಿಟ್ಟೇ ಇಳಿಯುವುದರಿಂದ ಎಷ್ಟು ಮಾಡಿದರೂ 0.3048 ಮುಗಿಯುವುದಿಲ್ಲ.

ಕೊರತೆಗಳೂ ಇವೆ. ಏನೇನು ಒತ್ತಿದೆ ಎಂಬುದರ ಗುರುತು 12ಸಿಯಲ್ಲಿ ಉಳಿಯುವುದಿಲ್ಲ. 25ರ ಬದಲು 52 ಒತ್ತಿದರೆ ಹಿಂದೆ ಹೋಗಿ ನೋಡುವಂತಿಲ್ಲ. ಆದ್ದರಿಂದ ಮಧ್ಯದ ಅಂಕೆಗಳನ್ನು ನೋಟುಬುಕ್ಕಿನಲ್ಲಿ ಬರೆಯುತ್ತಾ ಹೋಗುತ್ತೇನೆ. ಜಾಗದವರಿಗೆ ತೋರಿಸಲೂ ಅದೇ ಬೇಕು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನಕ್ಷೆ ಎಳೆದಾಗ ವಿಸ್ತೀರ್ಣ ತಾನಾಗಿ ಬರುತ್ತದೆ, ಅಲ್ಲಿ ಈ ಯಂತ್ರಕ್ಕೆ ಕೆಲಸವಿಲ್ಲ. ಕೆಂಪುಕಲ್ಲು, ಸಿಮೆಂಟಿನ ಎಸ್ಟಿಮೇಟಿಗೆ ಎಕ್ಸೆಲ್ಲೇ ಸರಿ. ಮೊದಮೊದಲು ಕೈ ತೊಡರುವುದೂ ನಿಜ. ಭಾಗಾಕಾರದಲ್ಲಿ ಯಾವುದು ಮೊದಲು ಎಂದು ಕೆಲವು ದಿನ ಯೋಚಿಸಬೇಕಾಗುತ್ತದೆ.

ಹಾಗಾದರೆ ಯಾರು ಕಲಿಯಬೇಕು? ಪರೀಕ್ಷೆಗೆ ಓದುವ ಮಕ್ಕಳಿಗೆ ಬೇಡ. ಪುಸ್ತಕದಲ್ಲಿದ್ದಂತೆಯೇ ಸೂತ್ರ ತೋರಿಸುವ ಕ್ಯಾಸಿಯೊ ಅವರಿಗೆ ಅನುಕೂಲ, ಪಕ್ಕದವನಿಗೂ ಗೊತ್ತಿರುತ್ತದೆ. ಸಿಎಫ್ಎ ಎಂಬ ಹಣಕಾಸು ಕ್ಷೇತ್ರದ ಪರೀಕ್ಷೆ ಬರೆಯುವವರ ಮಾತು ಬೇರೆ, ಆ ಪರೀಕ್ಷೆಗೆ ಒಯ್ಯಬಹುದಾದ ಕ್ಯಾಲ್ಕುಲೇಟರುಗಳಲ್ಲಿ 12ಸಿ ಒಂದು. ಅಂಗಡಿಯ ಬಿಲ್ಲಿಗೆ ಸಾಮಾನ್ಯ ಕ್ಯಾಲ್ಕುಲೇಟರ್ ಸಾಕು. ಅಳತೆ ಕೆಲಸದವರು, ಮೇಸ್ತ್ರಿಗಳು, ಸ್ಥಳದಲ್ಲಿ ನಿಂತು ಒಂದರ ಮೇಲೊಂದು ಲೆಕ್ಕ ಮಾಡಿ ನಡುವಿನ ಅಂಕೆಯನ್ನು ನೋಡಿಯೇ ಮುಂದುವರಿಯಬೇಕಾದವರು ಕಲಿತರೆ ನಷ್ಟವಿಲ್ಲ.

ದುಡ್ಡು ಕೊಟ್ಟು ಕೊಳ್ಳುವ ಅಗತ್ಯವೂ ಇಲ್ಲ. 1988ರ ಎಚ್‌ಪಿ 42ಎಸ್ ಮಾದರಿಯನ್ನು ಹಾಗೆಯೇ ಮೊಬೈಲಿಗೆ ತಂದ ಫ್ರೀ42 ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಟೇಪು ಹಿಡಿಯಲು ಬರುವ ಸೋದರಳಿಯ ಅದನ್ನೇ ಹಾಕಿಕೊಂಡಿದ್ದಾನೆ. 12ಸಿಯಲ್ಲಿ ವರ್ಗಮೂಲಕ್ಕೆ ನೀಲಿ ಕೀಲಿಯನ್ನು ಮೊದಲು ಒತ್ತಬೇಕು, ಆ್ಯಪಿನಲ್ಲಿ ನೇರವಾಗಿ ಇದೆ. ಪರದೆಯಲ್ಲಿ ಎರಡು ಅಂತಸ್ತು ಒಟ್ಟಿಗೆ ಕಾಣುವುದರಿಂದ ಕಲಿಯುವವರಿಗೆ ಅದೇ ಸುಲಭ. ಮಳೆಗಾಲದಲ್ಲಿ ಕೆಸರುಗೈಯಲ್ಲಿ ಒತ್ತಲು ಮಾತ್ರ ಅವನು ನನ್ನದನ್ನೇ ಕೇಳುತ್ತಾನೆ.