ಪಾರ್ಕಿನ ಗಿಡ, ಬಂದವರ ಮನಸ್ಸು: ಮಡಿಕೇರಿಯಲ್ಲಿ ನಾವು ನೆಟ್ಟದ್ದು, ಕೇಳಿದ್ದು

ಗಿಡಗಳ ಜಾತಿ ಹೆಚ್ಚಿದಷ್ಟೂ ಪಾರ್ಕಿಗೆ ಬಂದವರ ಮನಸ್ಸು ಹಗುರಾಗುತ್ತದೆಯೇ? ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಹೌದು ಎಂದಿತು. ಅದೇ ಊರಿನ ನದಿ ದಂಡೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎಣಿಸಿದ ಜಾತಿಗಳಿಗಿಂತ ‘ಇಲ್ಲಿ ಬಗೆಬಗೆಯ ಗಿಡಗಳಿವೆ’ ಎಂದು ಜನರಿಗೆ ಅನ್ನಿಸಿದ್ದೇ ಮನಸ್ಸಿನ ಹಿತಕ್ಕೆ ಹೆಚ್ಚು ಹೊಂದಿಕೊಂಡಿತ್ತು. ಮಡಿಕೇರಿಯ ಸಣ್ಣ ಪಾರ್ಕೊಂದರಲ್ಲಿ ನಾವು ಹಿಡಿದದ್ದು ಈ ಎರಡನೆಯ ದಾರಿ. ಕಣ್ಣಿಗೆ, ಮೂಗಿಗೆ ಸಿಗದ ವೈವಿಧ್ಯ ಪಟ್ಟಿಯಲ್ಲೇ ಉಳಿದುಬಿಡುತ್ತದೆ.

ಮೊದಲು ಇರುವುದನ್ನು ಎಣಿಸಬೇಕು. ಮರಗಳಿಗೆ 10 ಮೀಟರ್ ಚೌಕ, ಪೊದೆಗಳಿಗೆ 5, ನೆಲದ ಸಸ್ಯಗಳಿಗೆ 1 ಮೀಟರ್ ಚೌಕ ಹಗ್ಗ ಕಟ್ಟಿ ಎಣಿಸಿದೆವು. ಬೇಸಿಗೆಯಲ್ಲಿ ಒಮ್ಮೆ, ಮಳೆ ತಗ್ಗಿದ ಮೇಲೆ ಇನ್ನೊಮ್ಮೆ. ಬೇಸಿಗೆಯ ಎಣಿಕೆಯನ್ನಷ್ಟೇ ನಂಬಿದರೆ ಮಳೆಯಲ್ಲಿ ಮಾತ್ರ ಮೇಲೇಳುವ ಗಡ್ಡೆ ಗಿಡಗಳು ಲೆಕ್ಕಕ್ಕೇ ಬರುವುದಿಲ್ಲ.

ನೆಡುವುದಕ್ಕೆ ಮಾದರಿ ದೇವರಕಾಡು, ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡು ಬಂದ ಕಾಡು. ಕೊಡಗಿನಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ. ನೋಡಿ ಕಲಿಯಬೇಕು, ಅಲ್ಲಿಂದ ಒಂದು ಸಸಿಯನ್ನೂ ಕೀಳಬಾರದು. ಸಸಿಗೆ ನರ್ಸರಿ ಇದೆ. ಮೇಲಿನ ಹಂತಕ್ಕೆ ಸಂಪಿಗೆ, ರಂಜ, ಹೊಳೆದಾಸವಾಳ, 6ರಿಂದ 8 ಮೀಟರ್ ಅಂತರದಲ್ಲಿ. ನಡುವೆ ಕೇಪಳ, ಮುಸ್ಸಂಡ. ಕೆಳಗೆ ಜರೀಗಿಡ, ಕರ್ಣಕುಂಡಲ, ನೆರಳಿನಲ್ಲಿ ಮದ್ದುತೊಪ್ಪು ಎಂಬ ಔಷಧಿ ಗಿಡ. ಹಾಲುವಾಣ ಹೂ ಬಿಟ್ಟರೆ ಹಕ್ಕಿಗಳು ಮುತ್ತಿಕೊಳ್ಳುತ್ತವೆ, ಆದರೆ ಅದನ್ನೊಂದನ್ನೇ ನೆಚ್ಚಬಾರದು: ಗಂಟು ಕಣಜ ಎಂಬ ಪುಟ್ಟ ಕೀಟ ತಗುಲಿದರೆ ಎಲೆ, ಚಿಗುರು ಉಬ್ಬಿ ಗಂಟಾಗಿ ಮರ ಸೊರಗುತ್ತದೆ. ಮುಳ್ಳೂ ಇರುವುದರಿಂದ ಮಕ್ಕಳು ಆಡುವ ಕಡೆ ಬೇಡ.

ಮರಕ್ಕೆ 2 ಅಡಿ, ಪೊದೆಗೆ 1 ಅಡಿ ಗುಂಡಿ. ಮೇ ತಿಂಗಳಲ್ಲಿ ತೆಗೆದು, ಜೂನ್ ಮೊದಲ ವಾರಗಳಲ್ಲಿ ನೆಟ್ಟು, ಬುಡಕ್ಕೆ ಅರ್ಧ ಅಡಿ ಮಣ್ಣು ಏರಿಸಬೇಕು. ಬುಡ ತಗ್ಗಾಗಿದ್ದರೆ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಗಾಳಿಗೆ ಎರಡು ಊರುಗೋಲು, ತೆಂಗಿನ ಹಗ್ಗದ ಸಡಿಲ ಕಟ್ಟು. ಇಳಿಜಾರಿನಲ್ಲಿ ಗುಂಡಿ ತೆಗೆಯುವಷ್ಟು ಜಾಗ ಬಿಟ್ಟು ಬೇರೆಲ್ಲೂ ಮಣ್ಣು ಕಡಿಯಲಿಲ್ಲ. 2018ರ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದಕ್ಕೆ ಕಾರಣ ಹೇಳಬೇಕಿಲ್ಲ.

ಅತಿ ಹೆಚ್ಚು ಯೋಚಿಸಬೇಕಾದದ್ದು ಕಾಲುದಾರಿಯ ಅಂಚು. ಪೊದೆ ದಾರಿಗೆ ಒತ್ತಿ ಬೆಳೆದರೆ ವೈವಿಧ್ಯ ಹೆಚ್ಚಿದ್ದರೂ ಮನಸ್ಸಿಗೆ ಹಿತವಿಲ್ಲ. ಒಂಟಿ ಹೆಂಗಸರು, ವಯಸ್ಸಾದವರು ಅಲ್ಲಿ ಹೆಜ್ಜೆ ಚುರುಕು ಮಾಡುತ್ತಾರೆ. ಮಳೆಗಾಲದಲ್ಲಿ ಜಿಗಣೆ ಬೇರೆ. ಆದ್ದರಿಂದ ದಾರಿಯ ಎರಡೂ ಬದಿ 2 ಮೀಟರ್‌ವರೆಗೆ ಮೊಣಕಾಲು ಎತ್ತರ ಮೀರದ ಗಿಡ, ಅದರಾಚೆ ಪೊದೆ, ಹಿಂದೆ ಮರ. ಹೀಗಿಟ್ಟರೆ ಮೂರೂ ಹಂತ ಒಂದೇ ನೋಟಕ್ಕೆ ಕಾಣುತ್ತವೆ, ಜಾಗ ಬಯಲಾಗಿಯೂ ಇರುತ್ತದೆ. ಪರಿಮಳದ ಮರ ಬೆಂಚಿನ ಹತ್ತಿರವೇ ಇರಲಿ.

ಹೆಸರು ಫಲಕವನ್ನು ಮರಕ್ಕೆ ಮೊಳೆ ಹೊಡೆಯದೆ ಗೂಟಕ್ಕೆ ಕಟ್ಟಿ, ಊರಿನ ಹೆಸರನ್ನೇ ಬರೆಯಿರಿ. ಮದ್ದುತೊಪ್ಪಿನ ಫಲಕದ ಮುಂದೆ ಸ್ಥಳೀಯರು ನಿಂತು ಕಕ್ಕಡ 18ರಂದು ಈ ಸೊಪ್ಪಿನ ರಸದಲ್ಲಿ ಮಾಡುವ ಪಾಯಸದ ಮಾತು ತೆಗೆಯುತ್ತಾರೆ, ಪ್ರವಾಸಿಗಳು ಕೇಳಿಸಿಕೊಳ್ಳುತ್ತಾರೆ. ಗುರುತಿರುವ ಗಿಡ ಕೊಡುವ ನೆಮ್ಮದಿಯನ್ನು ಅಪರೂಪದ ಗಿಡ ಕೊಡಲಾರದು ಎಂದೇ ನನ್ನ ನಂಬಿಕೆ.

ಮನಸ್ಸನ್ನು ಅಳೆಯಲು, ಹಿತವಾದ ಮತ್ತು ಅಹಿತವಾದ ಭಾವನೆಗಳಿಗೆ ಅಂಕ ಕೊಡಿಸುವ 20 ಪದಗಳ ಪನಾಸ್ (PANAS) ಪ್ರಶ್ನಾವಳಿ ಇದೆ. ನಡೆಯಲು ಬಂದವರಿಗೆ ಅದು ಉದ್ದವಾಗುತ್ತದೆ. ನಾವು ಐದೇ ಪದ ಇಟ್ಟುಕೊಂಡೆವು: ನಿರಾಳ, ಉಲ್ಲಾಸ, ದಣಿವು, ಕಿರಿಕಿರಿ, ಭಯ. ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಳಗೆ ಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ. ಕೊನೆಗೆ, ‘ಇಲ್ಲಿ ಎಷ್ಟು ಬಗೆಯ ಗಿಡ ಇರಬಹುದು?’ ಎಂದು ಕೇಳಿದೆವು. ‘ಗಿಡ ಖುಷಿ ಕೊಟ್ಟವಾ?’ ಎಂದು ಕೇಳಬಾರದು. ದಾಕ್ಷಿಣ್ಯಕ್ಕೆ ಎಲ್ಲರೂ ಹೌದೆನ್ನುತ್ತಾರೆ.

ಪ್ರವಾಸಿಗಳನ್ನೂ ಊರಿನವರನ್ನೂ ಬೇರೆ ಪಟ್ಟಿಯಲ್ಲಿಡಿ. ರಜೆಗೆ ಬಂದವರು ಗೇಟಿನಲ್ಲೇ ಉಲ್ಲಾಸಕ್ಕೆ 5 ಕೊಟ್ಟರೆ ಏರಲು ಜಾಗ ಉಳಿಯುವುದಿಲ್ಲ. ಹವೆ, ಜನಸಂದಣಿ, ಶೌಚಾಲಯದ ಸ್ಥಿತಿಯನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಜುಲೈಯಲ್ಲಿ ಕೊಡೆ ಹಿಡಿದು ಬರುವವರು ಮೊದಲೇ ಹಸಿರು ಮೆಚ್ಚಿದವರು. ಆ ತಿಂಗಳ ಅಂಕವನ್ನು ಮುಂದಿನ ವರ್ಷದ ಜುಲೈ ಜೊತೆಗೇ ಹೋಲಿಸಬೇಕು, ಡಿಸೆಂಬರ್ ಜೊತೆಗಲ್ಲ.