ಕಳಿಸಿದ ಫೈಲನ್ನು ಯಾರೂ ತಿದ್ದದ ಹಾಗೆ: ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದು ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸಿಕೊಡುವ ಕೆಲಸ. ಮಂಡಿಪೇಟೆ ವರ್ತಕರ ಕೊಟೇಶನ್, ಮನೆ ಬಾಡಿಗೆ ಕರಾರು, ಮದುವೆ ಕಾರ್ಡಿನ ಪ್ರೂಫ್ ಎಲ್ಲ ಇಲ್ಲೇ ಟೈಪ್ ಆಗಿ ವಾಟ್ಸಾಪ್‌ನಲ್ಲಿ ಹೋಗುತ್ತವೆ. ಹೋದಮೇಲೆ ಅದನ್ನು ಯಾರು ಏನು ಮಾಡುತ್ತಾರೆ ಅನ್ನೋದು ನಮ್ಮ ಕೈಲಿಲ್ಲ.

ವರ್ತಕರೊಬ್ಬರು ಎದುರು ಪಾರ್ಟಿ ಕೇಳಿತು ಅಂತ ವರ್ಡ್ ಫೈಲನ್ನೇ ಕೊಟ್ಟಿದ್ದರು. ಸಹಿಗೆ ವಾಪಸ್ ಬಂದ ಪ್ರತಿಯಲ್ಲಿ 'ಲಾರಿ ಬಾಡಿಗೆ ಪ್ರತ್ಯೇಕ' ಅನ್ನುವ ಸಾಲೇ ಮಾಯ! "ಅಣ್ಣಾ, ನಾನು ಬರೆಸಿದ್ದು ಇದಲ್ಲ, ನೀವೇ ನೋಡಿ" ಎಂದು ಓಡಿ ಬಂದರು. ನನ್ನ ಹತ್ತಿರ ಮೂಲ ಪ್ರತಿ ಇತ್ತು, ಬಚಾವಾದರು. ಆಮೇಲೆ ನಾನು ಈ ವಿಷಯದಲ್ಲಿ ಬಿಗಿಯಾದೆ.

ವರ್ಡ್‌ನ 'ಮಾರ್ಕ್ ಆಸ್ ಫೈನಲ್' ಬರೀ ಒಂದು ಸೂಚನೆ. ಮೇಲಿನ ಹಳದಿ ಪಟ್ಟಿಯಲ್ಲಿ 'ಎಡಿಟ್ ಎನಿವೇ' ಒತ್ತಿದರೆ ಮುಗಿಯಿತು. 'ರಿವ್ಯೂ' ಟ್ಯಾಬ್‌ನ 'ರಿಸ್ಟ್ರಿಕ್ಟ್ ಎಡಿಟಿಂಗ್' ಪರವಾಗಿಲ್ಲ. 'ನೋ ಚೇಂಜಸ್' ಆರಿಸಿ ಪಾಸ್‌ವರ್ಡ್ ಕೊಟ್ಟರೆ ಕೀಬೋರ್ಡ್ ಕುಟ್ಟಿದರೂ ಅಕ್ಷರ ಬೀಳಲ್ಲ. ಆದರೆ ಪೂರ್ತಿ ಕಾಪಿ ಮಾಡಿ ಹೊಸ ಫೈಲಿಗೆ ಹಾಕಿಕೊಳ್ಳಬಹುದು. ಹಾಗಾಗಿ ಇದನ್ನು ಬಾಡಿಗೆ ಕರಾರಿನ ನಮೂನೆಗೆ ಮಾತ್ರ ಬಳಸುತ್ತೇನೆ. ಹೆಸರು, ಮೊತ್ತದ ಜಾಗಕ್ಕೆ ಮಾತ್ರ ವಿನಾಯಿತಿ ಕೊಟ್ಟಿರುತ್ತೇನೆ, ಉಳಿದದ್ದನ್ನು ಯಾರೂ ಮುಟ್ಟಬಾರದು, ಅಷ್ಟೇ.

ಹೊರಗೆ ಹೋಗುವುದೆಲ್ಲ ಪಿಡಿಎಫ್. ಇದಕ್ಕೆ ನಮ್ಮದೇ ಒಂದು ಕಾರಣವೂ ಇದೆ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ 'ಸೆಕ್ಯುರಿಟಿ' ಟ್ಯಾಬ್‌ಗೆ ಹೋಗಿ. ಅಲ್ಲಿ ಎರಡು ಪಾಸ್‌ವರ್ಡ್: ಒಂದು ಫೈಲ್ ತೆರೆಯಲು, ಇನ್ನೊಂದು ತಿದ್ದಲು, ಕಾಪಿ ಮಾಡಲು. ಎರಡನೆಯದನ್ನೇ ನೆಚ್ಚಿಕೊಂಡು ಕೂರಬೇಡಿ. ಅದನ್ನು ಪಾಲಿಸುವುದು ಫೈಲ್ ತೆರೆಯುವ ತಂತ್ರಾಂಶದ ಮರ್ಜಿ. ಪಾಲಿಸದ ತಂತ್ರಾಂಶಗಳು ಬೇಕಾದಷ್ಟಿವೆ.

ಹಾಗಾಗಿ ನಾನು ಗಿರಾಕಿಗಳಿಗೆ ಹೇಳುವುದು ಇಷ್ಟೇ: ತಿದ್ದದಂತೆ ತಡೆಯುವುದಕ್ಕಿಂತ, ತಿದ್ದಿದರೆ ಸಿಕ್ಕಿಬೀಳುವ ಹಾಗೆ ನೋಡಿಕೊಳ್ಳಿ. ದೊಡ್ಡ ಮೊತ್ತದ ಕಾಗದವಾದರೆ ಡಿಜಿಟಲ್ ಸಹಿ ಮಾಡಿಸಿ (ಸಹಿಯ ಫೋಟೋ ಅಂಟಿಸುವುದಲ್ಲ, ಫೈಲಿಗೇ ಹಾಕುವ ಎಲೆಕ್ಟ್ರಾನಿಕ್ ಮುದ್ರೆ). 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದನ್ನು ಒಪ್ಪುತ್ತದೆ. ಸಹಿಯಾದ ಮೇಲೆ ಒಂದು ಅಂಕಿ ಮುಟ್ಟಿದರೂ ಪರಿಶೀಲನೆಯಲ್ಲಿ ಗೊತ್ತಾಗುತ್ತದೆ. ಪ್ರಿಂಟ್ ತೆಗೆದರೆ ಮಾತ್ರ ಆ ಬಲ ಹೋಯಿತು, ಫೈಲನ್ನೇ ಇಟ್ಟುಕೊಳ್ಳಬೇಕು.

ಸ್ಕ್ರೀನ್‌ಶಾಟ್‌ಗೂ ಇದೇ ಲೆಕ್ಕ. ಹಣ ಕಟ್ಟಿದ್ದಕ್ಕೆ, ಅರ್ಜಿ ಹಾಕಿದ್ದಕ್ಕೆ ಸಾಕ್ಷಿ ಬೇಕಾದರೆ ವಿಂಡೋಸ್ ಕೀ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತುತ್ತೇನೆ. ಕೆಳಗಿನ ಗಡಿಯಾರ, ಮೇಲಿನ ವಿಳಾಸ ಸಮೇತ ಪೂರ್ತಿ ಪರದೆ 'ಪಿಕ್ಚರ್ಸ್' ಒಳಗಿನ 'ಸ್ಕ್ರೀನ್‌ಶಾಟ್ಸ್' ಫೋಲ್ಡರಿಗೆ ಹೋಗಿ ಕೂರುತ್ತದೆ. ಒಂದು ತುಂಡು ಸಾಕಿದ್ದರೆ ವಿಂಡೋಸ್, ಶಿಫ್ಟ್, ಎಸ್ ಕೀಗಳನ್ನು ಒಟ್ಟಿಗೆ ಒತ್ತುತ್ತೇನೆ. ಆಧಾರ್ ಸಂಖ್ಯೆಯ ಮೇಲೆ ಹೈಲೈಟರ್ ಎಳೆದು ಸುಮ್ಮನಾಗಬೇಡಿ. ಬೆಳಕು ಜಾಸ್ತಿ ಮಾಡಿದರೆ ಅಂಕಿ ಕಂಡುಬಿಡಬಹುದು. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಇದೆಯಲ್ವಾ, ಅದನ್ನೇ ಕೊಡಿ. 2023ರಲ್ಲಿ ವಿಂಡೋಸ್ 11ರಲ್ಲಿ ಸ್ಕ್ರೀನ್‌ಶಾಟ್ ತೆಗೆಯುವ ತಂತ್ರಾಂಶವಾದ ಸ್ನಿಪಿಂಗ್ ಟೂಲ್‌ನಲ್ಲೇ ದೋಷ ಸಿಕ್ಕಿತ್ತು. ಕತ್ತರಿಸಿ ಅದೇ ಹೆಸರಲ್ಲಿ ಸೇವ್ ಮಾಡಿದರೆ, ಕತ್ತರಿಸಿದ ಭಾಗದ ಒಂದಷ್ಟು ಫೈಲಿನಲ್ಲೇ ಉಳಿಯುತ್ತಿತ್ತು. ಮೈಕ್ರೋಸಾಫ್ಟ್ ಸರಿಪಡಿಸಿತು. ಅಪ್‌ಡೇಟ್ ಮುಂದೂಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಕೋರ್ಟಿಗೆ ಹೋಗಬಹುದಾದ ಫೈಲಿಗೆ ಇನ್ನೊಂದು ಕೆಲಸ ಮಾಡುತ್ತೇನೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಸರ್ಟ್‌ಯುಟಿಲ್' ಆಜ್ಞೆಯಿಂದ ಅದರ ಶಾ-256 ಹ್ಯಾಶ್ ತೆಗೆಯುತ್ತೇನೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಉದ್ದನೆಯ ಸಂಖ್ಯೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾಗುವ ಪ್ರಮಾಣಪತ್ರದಲ್ಲೂ ಹ್ಯಾಶ್ ಬರೆಯಬೇಕು. ಇಲ್ಲಿ ವಾಟ್ಸಾಪ್ ಬಗ್ಗೆ ಒಂದು ಎಚ್ಚರ. ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಹ್ಯಾಶ್ ತಾಳೆಯಾಗಲ್ಲ. ಡಾಕ್ಯುಮೆಂಟ್ ಅಂತ ಕಳಿಸಿ, ಅದರ ಕೆಳಗೇ ಹ್ಯಾಶ್ ಕೂಡ ಹಾಕಿ.